ಹೊಸ ಕಾರ್ಡ್ ಹಾಕಿದ ಮೇಲೆ ಸದ್ದು ಎಲ್ಲಿಗೆ ಹೋಯಿತು?

ಹೋದ ಜನವರಿ, ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿದ್ದ ಸಮಯ. ಆಲ್ದೂರು ಕಡೆಯ ಒಂದು ತೋಟದ ರೈಟರು, ಅಂದರೆ ಲೆಕ್ಕ ಬರೆಯುವವರು, ಬೆಳಗ್ಗೆ ನಾನು ಅಂಗಡಿ ಶಟರ್ ಎತ್ತುವ ಹೊತ್ತಿಗೇ ಬಂದು ನಿಂತಿದ್ದರು. ಕೈಯಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಸಿಪಿಯು. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ತಂದಿದ್ದರು. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಸುತ್ತಲಿನ ತೋಟಗಳಿಂದ ಹೀಗೆ ಹೊತ್ತುಕೊಂಡು ಬರುವವರು ಜಾಸ್ತಿ.

"ಸಾರ್, ಇದರ ಸೌಂಡ್ ಹೋಗಿದೆ. ಮಗ ರಜೆಗೆ ಬಂದವನು ಗ್ರಾಫಿಕ್ಸ್ ಕಾರ್ಡ್ ಹಾಕಿದ. ಅವತ್ತಿನಿಂದ ಒಂದು ಚೂರೂ ಸದ್ದಿಲ್ಲ" ಅಂದರು.

ನನ್ನ ಹತ್ತಿರ ಬರುವ ಮುಂಚೆ ಇನ್ನೊಂದು ಕಡೆ ತೋರಿಸಿದ್ದರಂತೆ. ಮದರ್‌ಬೋರ್ಡಿನ ಸೌಂಡ್ ಚಿಪ್ ಸುಟ್ಟಿರಬೇಕು, ಮೊದಲು ಫಾರ್ಮ್ಯಾಟ್ ಹೊಡೆದು, ಅಂದರೆ ಎಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ, ನೋಡೋಣ ಅಂದರಂತೆ ಅಲ್ಲಿ. ತೋಟದ ನಾಲ್ಕು ವರ್ಷದ ಚೆಕ್‌ರೋಲ್ ಲೆಕ್ಕ, ಅಂದರೆ ಕೆಲಸಗಾರರ ಹಾಜರಿ, ಕೂಲಿ, ಆ ಸಿಪಿಯುನಲ್ಲೇ ಇತ್ತು. ಅದೆಲ್ಲಿ ಅಳಿಸಿಹೋಗುತ್ತದೋ ಅನ್ನುವ ಭಯಕ್ಕೆ ಒಪ್ಪದೆ ವಾಪಸ್ ತಂದಿದ್ದರು.

ನಾನು ಮಾನಿಟರ್ ಸೇರಿಸಿ, ಸ್ಪೀಕರಿನ ಹಸಿರು ಪಿನ್ ಚುಚ್ಚಿ, ಒಂದು ಹಾಡು ಹಾಕಿದೆ. ಹಾಡು ಓಡುತ್ತಿದೆ, ಸದ್ದಿಲ್ಲ. ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಸ್ಪೀಕರ್ ಚಿಹ್ನೆ ಇರುತ್ತದಲ್ಲ, ಅದನ್ನು ಒತ್ತಿದೆ. ವಾಲ್ಯೂಮ್ ನೂರಕ್ಕೆ ನೂರು. ಅದರ ಜೊತೆಗೆ ತೋರಿಸುತ್ತಿದ್ದದ್ದು ಮಾತ್ರ ನನ್ನ ಸ್ಪೀಕರಿನ ಹೆಸರಲ್ಲ, ಮಾನಿಟರಿನ ಹೆಸರು. ಆ ಮಾನಿಟರಿಗೆ ಸ್ಪೀಕರೇ ಇಲ್ಲ. ಪಟ್ಟಿ ತೆರೆದು ರಿಯಲ್‌ಟೆಕ್ (ಬೋರ್ಡಿನ ಸೌಂಡ್ ಚಿಪ್ಪಿನ ಕಂಪನಿ) ಅಂತ ಬರೆದಿದ್ದ ಸ್ಪೀಕರನ್ನು ಆರಿಸಿದೆ. ಹಾಡು ಅರ್ಧದಿಂದ ಕೇಳಲು ಶುರುವಾಯಿತು. ರೈಟರು ಅಲ್ಲೇ ನಿಂತು ಮಗನಿಗೆ ಫೋನ್ ಹಚ್ಚಿ, "ಬಂತು ಕಣೋ, ಏನೂ ಸುಟ್ಟಿಲ್ವಂತೆ" ಅಂದರು.

ಇದನ್ನು ಬರೆಯುತ್ತಿರುವುದೇ ಆ ಕಾರಣಕ್ಕೆ. ಹೊಸ ಸಾಮಾನು ಹಾಕಿದ ಮೇಲೆ ಸದ್ದು ನಿಂತಿತು ಅಂತ ನನ್ನ ಹತ್ತಿರ ಬರುವ ಕಂಪ್ಯೂಟರುಗಳಲ್ಲಿ ನಿಜವಾಗಿ ಏನಾದರೂ ಸುಟ್ಟಿರುವುದು ತೀರಾ ಕಡಿಮೆ. ಸದ್ದು ಬೇರೆ ಕಡೆಗೆ ಹರಿಯುತ್ತಿರುತ್ತದೆ, ಅಷ್ಟೇ. ಎಲ್ಲಿಗೆ ಹರಿಯುತ್ತಿದೆ ಅಂತ ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಅದನ್ನು ನೋಡುವ ಮೊದಲೇ ಫಾರ್ಮ್ಯಾಟ್ ಅನ್ನುವ ಮಾತಿಗೆ ದಯವಿಟ್ಟು ಹೂಂ ಅನ್ನಬೇಡಿ. ಮದುವೆ ಫೋಟೋ, ಮಕ್ಕಳ ಪ್ರಾಜೆಕ್ಟ್, ತೋಟದ ಲೆಕ್ಕ ಎಲ್ಲಾ ಕಳೆದುಕೊಂಡು ಬಂದವರನ್ನು ನೋಡಿದ್ದೇನೆ. ಸದ್ದು ಇವತ್ತಲ್ಲ ನಾಳೆ ಬರುತ್ತದೆ. ಫೋಟೋ ಬರುವುದಿಲ್ಲ.

ಕೆರೆ, ಮೋಟಾರು, ವಾಲ್ವ್

ನಮ್ಮ ಕಡೆ ರೋಬಸ್ಟಾ ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಫೆಬ್ರವರಿ, ಮಾರ್ಚಿನಲ್ಲಿ ಮಳೆ ಬರದಿದ್ದರೆ ಹೂವಿಗೆ ನೀರು ಹೊಡೆಯುತ್ತೇವೆ. ಕೆರೆಯಿಂದ ಮೋಟಾರು ನೀರೆತ್ತುತ್ತದೆ. ದೊಡ್ಡ ಪೈಪಿನಲ್ಲಿ ನೀರು ಬರುತ್ತದೆ. ದಾರಿಯಲ್ಲಿ ಗೇಟ್ ವಾಲ್ವ್‌ಗಳಿವೆ. ಯಾವುದು ತೆರೆದಿದೆಯೋ ಆ ಬ್ಲಾಕಿನ ಸ್ಪ್ರಿಂಕ್ಲರ್ ತಿರುಗುತ್ತದೆ. ಮೋಟಾರು ಓಡುತ್ತಿದೆ, ಆದರೂ ಸ್ಪ್ರಿಂಕ್ಲರ್ ತಿರುಗುತ್ತಿಲ್ಲ ಅಂದರೆ ಯಾರೂ ಹೊಸ ಮೋಟಾರು ತರಲು ಓಡುವುದಿಲ್ಲ. ಲೈನಿನ ಗುಂಟ ನಡೆಯುತ್ತಾ ನೀರು ಎಲ್ಲಿಯವರೆಗೆ ಬಂದಿದೆ ಅಂತ ನೋಡುತ್ತಾರೆ.

ಕಂಪ್ಯೂಟರಿನಲ್ಲೂ ಹಾಗೇ. ಹಾಡು ಹಾಕುವ ಆ್ಯಪ್ ಕೆರೆ ಇದ್ದಂತೆ. ಅಲ್ಲಿಂದ ಸದ್ದು ವಿಂಡೋಸಿನ ಮಿಕ್ಸರಿಗೆ ಬರುತ್ತದೆ. ಎಲ್ಲಾ ಆ್ಯಪ್‌ಗಳ ಸದ್ದೂ ಅಲ್ಲಿ ಒಂದಾಗುತ್ತದೆ. ಮಿಕ್ಸರು ಅದನ್ನು ಒಂದು ಔಟ್‌ಪುಟ್ ಸಾಧನಕ್ಕೆ ಕಳಿಸುತ್ತದೆ. ಈಗಿನ ಕಂಪ್ಯೂಟರಿನಲ್ಲಿ ಇಂಥ ಸಾಧನ ಒಂದೇ ಇರುವುದಿಲ್ಲ, ಮೂರು ನಾಲ್ಕು ಇರುತ್ತವೆ. ಅದರಲ್ಲಿ ಒಂದನ್ನು ಡೀಫಾಲ್ಟ್, ಅಂದರೆ ಬೇರೆ ಹೇಳದಿದ್ದರೆ ಬಳಸುವುದು, ಅಂತ ಗುರುತು ಮಾಡಿರುತ್ತದೆ. ಆ ಸಾಧನವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್, ಅಂದರೆ ಡ್ರೈವರ್, ಸದ್ದನ್ನು ಚಿಪ್ಪಿಗೆ ಕೊಡುತ್ತದೆ. ಚಿಪ್ಪು ಅಂಕಿಗಳನ್ನು ವಿದ್ಯುತ್ತಾಗಿ ಬದಲಾಯಿಸುತ್ತದೆ. ಆಮೇಲೆ ಜಾಕು, ವೈರು, ಸ್ಪೀಕರು.

ಹೊಸ ಸಾಮಾನು ಸೇರಿಸಿದಾಗ ಆಗುವುದೇನೆಂದರೆ ಪಟ್ಟಿಗೆ ಇನ್ನೊಂದು ಔಟ್‌ಪುಟ್ ಸೇರುತ್ತದೆ. ಎಷ್ಟೋ ಸಲ ವಿಂಡೋಸ್ ನಮ್ಮನ್ನು ಕೇಳದೆ ಅದನ್ನೇ ಡೀಫಾಲ್ಟ್ ಮಾಡಿಬಿಡುತ್ತದೆ. ಹೊಸದಾಗಿ ಏನೋ ಚುಚ್ಚಿದ್ದಾರೆ ಅಂದರೆ ಅದನ್ನು ಬಳಸಲಿಕ್ಕೇ ಚುಚ್ಚಿರುತ್ತಾರೆ ಅನ್ನುವುದು ಅದರ ಲೆಕ್ಕ. ಬ್ಲೂಟೂತ್ ಹೆಡ್‌ಫೋನ್ ವಿಷಯದಲ್ಲಿ ಈ ಲೆಕ್ಕ ಸರಿ. ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ತಪ್ಪಾಗುತ್ತದೆ.

ಪರದೆಗೆ ಚಿತ್ರ ಕಳಿಸುವ ಆ ಕಾರ್ಡಿಗೂ ಸದ್ದಿಗೂ ಏನು ಸಂಬಂಧ ಅಂತ ಕೇಳುತ್ತೀರಿ ಅಲ್ವಾ? ಹಳೆಯ ಮಾನಿಟರಿಗೆ ನೀಲಿ ಬಣ್ಣದ, ಎರಡೂ ಬದಿ ಸ್ಕ್ರೂ ಇರುವ ವಿಜಿಎ ಕೇಬಲ್ ಬರುತ್ತಿತ್ತು. 1987ರಲ್ಲಿ ಬಂದ ಆ ವಿಜಿಎ ಬರೀ ಚಿತ್ರ ಸಾಗಿಸುತ್ತದೆ. 2002ರಲ್ಲಿ ಬಂದ ಎಚ್‌ಡಿಎಂಐ ಹಾಗಲ್ಲ. ಒಂದೇ ಕೇಬಲಿನಲ್ಲಿ ಚಿತ್ರವೂ ಹೋಗುತ್ತದೆ, ಸದ್ದೂ ಹೋಗುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್ಲೂ ಹಾಗೇ. ಹಾಗಾಗಿ ಗ್ರಾಫಿಕ್ಸ್ ಕಾರ್ಡಿನ ಒಳಗೇ ಒಂದು ಸೌಂಡ್ ಸಾಧನ ಇರುತ್ತದೆ. ಎನ್ವಿಡಿಯಾ ಕಾರ್ಡಿನ ಡ್ರೈವರ್ ಹಾಕುವಾಗ ಜೊತೆಗೆ ಎನ್ವಿಡಿಯಾ ಹೈ ಡೆಫಿನಿಷನ್ ಆಡಿಯೊ ಅನ್ನುವುದೂ ಬಂದು ಕೂರುತ್ತದೆ. ಎಎಮ್‌ಡಿ ಕಾರ್ಡಿಗೂ ಅದರದ್ದೇ ಒಂದಿದೆ. ಟಿವಿಗೆ ಸೇರಿಸುವವರಿಗೆ ಇದು ಬಹಳ ಅನುಕೂಲ. ಸ್ಪೀಕರಿಲ್ಲದ ಮಾನಿಟರಿಗೆ ಸೇರಿಸಿದರೆ ಸದ್ದು ಆ ಕೇಬಲಿನ ತುದಿಯಲ್ಲೇ ನಿಂತುಹೋಗುತ್ತದೆ. ವಿಜಿಎ ಬಿಟ್ಟು ಮೊದಲ ಸಲ ಎಚ್‌ಡಿಎಂಐಗೆ ಬಂದವರಿಗೆ ಈ ತೊಂದರೆ ಎದುರಾಗುವುದು ಇದೇ ಕಾರಣಕ್ಕೆ.

ಹಸಿರು ಕಡ್ಡಿ ನೋಡಿ

2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದ್ದರೂ ನಮ್ಮ ಕಡೆ ಅದೇ ಇರುವ ಕಂಪ್ಯೂಟರುಗಳು ಇನ್ನೂ ಬೇಕಾದಷ್ಟಿವೆ. ಅದಕ್ಕೇ ಎರಡನ್ನೂ ಹೇಳುತ್ತೇನೆ. ವಿಂಡೋಸ್ 10ರಲ್ಲಿ ಸ್ಪೀಕರ್ ಚಿಹ್ನೆ ಒತ್ತಿದರೆ ವಾಲ್ಯೂಮ್ ಪಟ್ಟಿಯ ಮೇಲೆ ಸಾಧನದ ಹೆಸರು ಕಾಣುತ್ತದೆ. ಅದರ ಪಕ್ಕದ ಬಾಣ ಒತ್ತಿದರೆ ಉಳಿದ ಸಾಧನಗಳು ತೆರೆದುಕೊಳ್ಳುತ್ತವೆ. ವಿಂಡೋಸ್ 11ರಲ್ಲಿ ವಾಲ್ಯೂಮ್ ಪಟ್ಟಿಯ ಬಲ ತುದಿಯಲ್ಲಿ ಒಂದು ಸಣ್ಣ ಗುಂಡಿ ಇದೆ, ಅದನ್ನು ಒತ್ತಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಅಂತ ಹೋದರೂ ಔಟ್‌ಪುಟ್ ಅನ್ನುವ ತಲೆಬರಹದ ಕೆಳಗೆ ಅದೇ ಪಟ್ಟಿ ಸಿಗುತ್ತದೆ.

ಸರಿಯಾದ ಸ್ಪೀಕರ್ ಆರಿಸಿದ ಮೇಲೂ ಸದ್ದು ಬರಲಿಲ್ಲ ಅಂತ ಇಟ್ಟುಕೊಳ್ಳಿ. ಆಗ ನಾನು ತೆರೆಯುವುದು ಹಳೇ ಸೌಂಡ್ ಕಿಟಕಿಯನ್ನು. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬಂದ ಚೌಕದಲ್ಲಿ ಇಂಗ್ಲಿಷಿನಲ್ಲಿ ಎಂ, ಎಂ, ಎಸ್, ವೈ, ಎಸ್, ಆಮೇಲೆ ಚುಕ್ಕಿ, ಆಮೇಲೆ ಸಿ, ಪಿ, ಎಲ್ ಅಂತ ನಡುವೆ ಜಾಗ ಬಿಡದೆ ಬರೆದು ಎಂಟರ್ ಕೊಡಿ. ನೋಡಲು ಹಳೇ ಕಾಲದ್ದು. ಆದರೆ ಸದ್ದಿನ ತೊಂದರೆ ಹುಡುಕಲು ವಿಂಡೋಸಿನಲ್ಲಿ ನನಗೆ ಇದರಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ.

ಪ್ಲೇಬ್ಯಾಕ್ ಅನ್ನುವ ಪುಟದಲ್ಲಿ ಎಲ್ಲಾ ಔಟ್‌ಪುಟ್‌ಗಳೂ ಸಾಲಾಗಿ ಇರುತ್ತವೆ. ಡೀಫಾಲ್ಟ್ ಆಗಿರುವುದರ ಮೇಲೆ ಹಸಿರು ಟಿಕ್ ಗುರುತು. ಪ್ರತಿಯೊಂದರ ಬಲಕ್ಕೂ ಬೂದು ಬಣ್ಣದ ಕಡ್ಡಿಗಳ ಒಂದು ಪಟ್ಟಿ ನಿಂತಿರುತ್ತದೆ. ಈಗ ಒಂದು ಹಾಡು ಹಾಕಿ, ಆ ಕಡ್ಡಿಗಳನ್ನೇ ನೋಡುತ್ತಾ ಕೂತಿರಿ. ಸದ್ದು ಯಾವ ಸಾಧನಕ್ಕೆ ಹೋಗುತ್ತಿದೆಯೋ ಅದರ ಕಡ್ಡಿಗಳು ಹಸಿರಾಗಿ, ಹಾಡಿನ ಏರಿಳಿತಕ್ಕೆ ತಕ್ಕ ಹಾಗೆ ಮೇಲೆ ಕೆಳಗೆ ಆಡುತ್ತವೆ.

ಪೈಪ್‌ಲೈನಿನ ಪ್ರೆಶರ್ ಗೇಜ್ ಇದ್ದ ಹಾಗೆ ಇದು. ಮಾನಿಟರಿನ ಕಡ್ಡಿ ಆಡುತ್ತಿದ್ದರೆ ವಾಲ್ವ್ ತಪ್ಪು ಕಡೆ ತೆರೆದಿದೆ ಅಂತ ಅರ್ಥ. ನಿಮ್ಮ ಸ್ಪೀಕರಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ಸೆಟ್ ಆಸ್ ಡೀಫಾಲ್ಟ್ ಡಿವೈಸ್ ಕೊಡಿ. ಯಾವುದರ ಕಡ್ಡಿಯೂ ಆಡುತ್ತಿಲ್ಲವಾ? ಹಾಗಾದರೆ ನೀರು ಇಲ್ಲಿಯವರೆಗೆ ಬಂದೇ ಇಲ್ಲ, ತೊಂದರೆ ಇನ್ನೂ ಹಿಂದಿದೆ. ಆ್ಯಪಿನ ಒಳಗೇ ಮ್ಯೂಟ್ ಆಗಿರಬಹುದು. ವಾಲ್ಯೂಮ್ ಮಿಕ್ಸರಿನಲ್ಲಿ ಅದೊಂದೇ ಆ್ಯಪಿನ ಸದ್ದು ಸೊನ್ನೆಯಾಗಿರಬಹುದು. ಇಲ್ಲವೇ ಸ್ಪೀಕರ್ ಚಿಹ್ನೆಯ ಮೇಲೆ ಕೆಂಪು ಗುರುತಿದ್ದು, ವಿಂಡೋಸ್ ಆಡಿಯೊ ಅನ್ನುವ ಸರ್ವಿಸ್ಸೇ ನಿಂತಿರಬಹುದು. ಕೊನೆಯದಕ್ಕೆ ಒಂದು ರೀಸ್ಟಾರ್ಟ್ ಸಾಕಾಗುವುದೇ ಹೆಚ್ಚು.

ಮೂರನೆಯದು, ನಿಮ್ಮ ಸ್ಪೀಕರಿನ ಕಡ್ಡಿಯೇ ಚೆನ್ನಾಗಿ ಆಡುತ್ತಿದೆ, ಕಿವಿಗೆ ಮಾತ್ರ ಏನೂ ಬೀಳುತ್ತಿಲ್ಲ. ಇದು ಒಳ್ಳೆಯ ಸುದ್ದಿ. ವಿಂಡೋಸ್ ತನ್ನ ಕೆಲಸ ಮಾಡಿ ಮುಗಿಸಿದೆ. ವಾಲ್ಯೂಮ್ ಮ್ಯೂಟ್ ಆಗಿದೆಯಾ ಅಂತ ಒಮ್ಮೆ ನೋಡಿ. ಇಲ್ಲದಿದ್ದರೆ ಇನ್ನು ಹುಡುಕಬೇಕಾದ್ದು ಜಾಕು, ವೈರು, ಸ್ಪೀಕರಿನ ಸ್ವಿಚ್ಚು. ಇಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸುವುದು ಅಂದರೆ ಸ್ಪ್ರಿಂಕ್ಲರ್ ಕಟ್ಟಿಕೊಂಡದ್ದಕ್ಕೆ ಕೆರೆಯ ಹೂಳು ತೆಗೆಸಿದ ಹಾಗೆ.

ಪಟ್ಟಿಯಲ್ಲಿ ನಿಮ್ಮ ಸ್ಪೀಕರೇ ಕಾಣುತ್ತಿಲ್ಲ ಅಂದರೆ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಶೋ ಡಿಸೇಬಲ್ಡ್ ಡಿವೈಸಸ್ ಅನ್ನುವುದಕ್ಕೆ ಟಿಕ್ ಹಾಕಿ. ಯಾರೋ ಯಾವಾಗಲೋ ಬಂದ್ ಮಾಡಿದ್ದು ಆಗ ಹೊರಗೆ ಬರುತ್ತದೆ. ಮಾನಿಟರಿನ ಔಟ್‌ಪುಟ್ ನಿಮಗೆ ಎಂದೂ ಬೇಡವಾದರೆ ಇಲ್ಲೇ ಅದನ್ನು ಡಿಸೇಬಲ್ ಮಾಡಿಡಬಹುದು. ರೈಟರ ಕಂಪ್ಯೂಟರಿಗೂ ನಾನು ಹಾಗೇ ಮಾಡಿದೆ. ಇಲ್ಲದಿದ್ದರೆ ಡ್ರೈವರ್ ಅಪ್‌ಡೇಟ್ ಆದಾಗ ಡೀಫಾಲ್ಟ್ ಮತ್ತೆ ಅತ್ತ ಹಾರುವ ಸಾಧ್ಯತೆ ಇರುತ್ತದೆ.

ಮೈಕು ಚುಚ್ಚಿದರೆ ಸ್ಪೀಕರ್ ಯಾಕೆ ನಿಲ್ಲುತ್ತದೆ?

ಮೂಡಿಗೆರೆ ಹತ್ತಿರದ ಒಬ್ಬ ಹುಡುಗಿ ಆನ್‌ಲೈನಿನಲ್ಲಿ ಸಂಗೀತ ಕಲಿಯುತ್ತಾಳೆ. ಮೇಷ್ಟರಿಗೆ ಸ್ವರ ಸರಿಯಾಗಿ ಕೇಳಲಿ ಅಂತ ಮನೆಯವರು ಯುಎಸ್‌ಬಿ ಮೈಕ್ ತೆಗೆಸಿಕೊಟ್ಟರು. ಅದನ್ನು ಚುಚ್ಚಿದ ಕೂಡಲೇ ಅವಳ ಹಾಡು ಮೇಷ್ಟರಿಗೆ ಚೆನ್ನಾಗಿ ಕೇಳಿತು, ಮೇಷ್ಟರ ಮಾತು ಅವಳಿಗೆ ಕೇಳಲಿಲ್ಲ. ಮೈಕ್ ತೆಗೆದರೆ ಸರಿಯಾಗುತ್ತದೆ, ಹಾಕಿದರೆ ಮತ್ತೆ ಹಾಗೇ. ಮೈಕೇ ಕೆಟ್ಟದ್ದು ಅಂತ ವಾಪಸ್ ಕೊಡಲು ಹೊರಟಿದ್ದರು.

ಅವಳಮ್ಮ ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ ಮಾತು: "ಮೇಡಂ, ಆ ಮೈಕಿನ ಕೆಳಗೆ ಹೆಡ್‌ಫೋನ್ ಚುಚ್ಚುವ ತೂತು ಇದೆಯಾ ನೋಡಿ." ಇತ್ತು. ಹಾಡುವವರು ತಮ್ಮ ದನಿಯನ್ನು ತಾವೇ ಕೇಳಿಕೊಳ್ಳಲಿ ಅಂತ ಇಂಥ ಮೈಕುಗಳಿಗೆ ಒಂದು ಜಾಕ್ ಕೊಟ್ಟಿರುತ್ತಾರೆ. ಆ ಜಾಕ್ ಇರುವುದರಿಂದ ವಿಂಡೋಸಿನ ಕಣ್ಣಿಗೆ ಅದು ಮೈಕೂ ಹೌದು, ಸ್ಪೀಕರೂ ಹೌದು. ಚುಚ್ಚಿದ ಕೂಡಲೇ ಔಟ್‌ಪುಟ್ ಕೂಡ ಅತ್ತ ಹೋಯಿತು. ಇನ್‌ಪುಟ್‌ಗೆ ಮೈಕ್ ಇರಲಿ, ಔಟ್‌ಪುಟ್‌ಗೆ ಲ್ಯಾಪ್‌ಟಾಪಿನ ಸ್ಪೀಕರ್ ಆರಿಸಿ ಅಂದೆ. ಫೋನಿನಲ್ಲೇ ಮುಗಿಯಿತು.

ಇಲ್ಲಿ ಗೊತ್ತಿರಬೇಕಾದ ಇನ್ನೊಂದು ವಿಷಯ ಇದೆ. ಜೂಮ್, ಗೂಗಲ್ ಮೀಟ್ ಇಂಥವು ವಿಂಡೋಸಿನ ಡೀಫಾಲ್ಟನ್ನೇ ಪಾಲಿಸಬೇಕು ಅಂತಿಲ್ಲ. ಅವುಗಳ ಸೆಟ್ಟಿಂಗ್ಸಿನಲ್ಲಿ ಮೈಕಿಗೆ, ಸ್ಪೀಕರಿಗೆ ಬೇರೆಯೇ ಆಯ್ಕೆ ಇದೆ. ಹಿಂದೆ ಆರಿಸಿದ ಸಾಧನವನ್ನೇ ಅವು ಹಿಡಿದುಕೊಂಡಿರಬಹುದು. ಯೂಟ್ಯೂಬಿನಲ್ಲಿ ಸದ್ದು ಬರುತ್ತದೆ, ಕ್ಲಾಸಿನಲ್ಲಿ ಮಾತ್ರ ಬರಲ್ಲ ಅನ್ನುವವರು ಮೊದಲು ಆ ಆ್ಯಪಿನ ಒಳಗೆ ನೋಡಿ. ಮೈಕ್ ಎಲ್ಲೂ ಕೆಲಸ ಮಾಡುತ್ತಿಲ್ಲ ಅಂದರೆ ಸೆಟ್ಟಿಂಗ್ಸಿನ ಪ್ರೈವೆಸಿ ವಿಭಾಗಕ್ಕೆ ಹೋಗಿ. ಅಲ್ಲಿ ಮೈಕ್ರೋಫೋನ್ ಬಳಸಲು ಆ್ಯಪ್‌ಗಳಿಗೆ ಅನುಮತಿ ಇದೆಯಾ ನೋಡಿ. ಅದು ಬಂದ್ ಆಗಿದ್ದರೆ ಎಷ್ಟು ದುಡ್ಡಿನ ಮೈಕ್ ತಂದರೂ ಮೌನವೇ.

ಮೈಕು ಇರುವ ಹೆಡ್‌ಸೆಟ್ ಹಾಕಿ ಮಾತಾಡಲು ಶುರು ಮಾಡಿದರೆ ಓಡುತ್ತಿದ್ದ ಹಾಡು ತಾನಾಗೇ ಸಣ್ಣಗಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಅದು ದೋಷ ಅಲ್ಲ. ಆ ಹಳೇ ಸೌಂಡ್ ಕಿಟಕಿಯಲ್ಲೇ ಕಮ್ಯುನಿಕೇಷನ್ಸ್ ಅಂತ ಒಂದು ಪುಟ ಇದೆ. ಕರೆ ನಡೆಯುವಾಗ ಉಳಿದ ಸದ್ದನ್ನು ಶೇಕಡಾ 80ರಷ್ಟು ತಗ್ಗಿಸು ಅಂತ ಅಲ್ಲಿ ಇರುತ್ತದೆ. ಡು ನಥಿಂಗ್ ಅಂತ ಬದಲಾಯಿಸಿದರೆ ಸರಿ.

ಬ್ಲೂಟೂತ್ ಹೆಡ್‌ಫೋನಿನ ಕಥೆ ಸ್ವಲ್ಪ ಬೇರೆ. ಹಾಡು ಕೇಳುವಾಗ ಸೊಗಸಾಗಿರುತ್ತದೆ. ಮೀಟಿಂಗಿಗೆ ಸೇರಿದ ಕೂಡಲೇ ಹಳೇ ಲ್ಯಾಂಡ್‌ಲೈನಿನಲ್ಲಿ ಕೇಳಿದ ಹಾಗಾಗುತ್ತದೆ. ಮಾಮೂಲಿ ಬ್ಲೂಟೂತಿಗೆ ಎರಡು ರೀತಿಯ ನಡೆ ಇದೆ. ಒಂದು ಹಾಡಿಗೆ. ಅದು ಒಂದೇ ಕಡೆಗೆ ಹರಿಯುತ್ತದೆ, ಸ್ಟೀರಿಯೋ, ಗುಣಮಟ್ಟ ಚೆನ್ನಾಗಿರುತ್ತದೆ. ಇನ್ನೊಂದು ಮಾತಿಗೆ. ಅದು ಎರಡೂ ಕಡೆ ಹರಿಯಬೇಕು, ಹಾಗಾಗಿ ಸದ್ದನ್ನು ಬಹಳ ಹಿಂಡಿ ಕಳಿಸುತ್ತದೆ. ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದಿಡುತ್ತಾರೆ. ಬ್ಲೂಟೂತಿನ ಮಾತಿನ ನಡೆಯಲ್ಲಿ ಅದು 8,000 ಅಥವಾ 16,000ಕ್ಕೆ ಇಳಿಯುತ್ತದೆ. ಹೆಡ್‌ಫೋನಿನ ಮೈಕ್ ಬಳಕೆಗೆ ಬಂದ ಕೂಡಲೇ ಮೊದಲನೆಯದು ನಿಂತು ಎರಡನೆಯದು ಶುರುವಾಗುತ್ತದೆ. ಇದಕ್ಕೆ ಸುಲಭ ಪರಿಹಾರ ಅಂದರೆ ಇನ್‌ಪುಟ್‌ಗೆ ಲ್ಯಾಪ್‌ಟಾಪಿನದ್ದೇ ಮೈಕ್ ಆರಿಸುವುದು. ಹೆಡ್‌ಫೋನ್ ಬರೀ ಕೇಳುವ ಕೆಲಸ ಮಾಡಿಕೊಂಡಿರಲಿ.

ಜಾಕಿನ ಹತ್ತಿರ

ಸಿಪಿಯು ಹಿಂದೆ ಇರುವ ಜಾಕುಗಳ ಬಣ್ಣ ಸುಮ್ನೆ ಅಂದಕ್ಕೆ ಕೊಟ್ಟದ್ದಲ್ಲ. ತಿಳಿ ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿ ನೀಲಿ ಹೊರಗಿನ ಟೇಪ್ ರೆಕಾರ್ಡರಿನಂಥ ಸಾಧನದಿಂದ ಸದ್ದು ಒಳಗೆ ತರಲಿಕ್ಕೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ಮಾಡಿದ ಪಿಸಿ 99 ಅನ್ನುವ ನಿಯಮದಿಂದ ಈ ಬಣ್ಣಗಳು ಎಲ್ಲಾ ಕಡೆ ಬಳಕೆಗೆ ಬಂದವು. ಕತ್ತಲಲ್ಲಿ ಮೇಜಿನ ಕೆಳಗೆ ಬಗ್ಗಿ ಚುಚ್ಚುವಾಗ ಹಸಿರು ಪಿನ್ ನೀಲಿಗೆ ಹೋಗುವುದು ಬಹಳ ಸಾಮಾನ್ಯ. ಮೊಬೈಲ್ ಟಾರ್ಚ್ ಹಾಕಿ ನೋಡಿ.

ಮೊಬೈಲಿನ ಇಯರ್‌ಫೋನ್ ಪಿನ್ ಒಮ್ಮೆ ಹತ್ತಿರದಿಂದ ನೋಡಿ. ಅದರ ಮೇಲೆ ಮೂರು ಸಣ್ಣ ಉಂಗುರದ ಗೆರೆಗಳಿವೆ. ಸಾದಾ ಹೆಡ್‌ಫೋನ್ ಪಿನ್ನಿಗೆ ಎರಡೇ ಗೆರೆ. ಗೆರೆ ಒಂದು ಜಾಸ್ತಿ ಇದ್ದರೆ ಅದೇ ಪಿನ್ನಿನಲ್ಲಿ ಮೈಕಿನ ಸಂಪರ್ಕವೂ ಇದೆ ಅಂತ. ಎರಡೂ 3.5 ಮಿಲಿಮೀಟರಿನವೇ ಆದ್ದರಿಂದ ತೂತಿಗೆ ಕೂರುತ್ತವೆ. ಆದರೆ ಹಸಿರು, ಗುಲಾಬಿ ಬೇರೆ ಬೇರೆ ಇರುವ ಕಂಪ್ಯೂಟರಿನಲ್ಲಿ ಮೊಬೈಲ್ ಇಯರ್‌ಫೋನಿನ ಮೈಕ್ ನಡೆಯುವುದಿಲ್ಲ. ಒಂದು ಪಿನ್ನನ್ನು ಎರಡಾಗಿ ಒಡೆಯುವ ವೈ ಆಕಾರದ ಕೇಬಲ್ ಬೇಕು.

ಹೊಸ ಕಾರ್ಡ್ ಹಾಕುವಾಗ ಕೈ ತಾಗಿ ಕಳಚುವ ವೈರ್ ಒಂದಿದೆ. ಸಿಪಿಯು ಮುಂಭಾಗದ ಹೆಡ್‌ಫೋನ್ ಜಾಕಿನಿಂದ ಬೋರ್ಡಿನ ಕೆಳ ಅಂಚಿಗೆ ಬರುವ ತೆಳ್ಳನೆಯ ಕೇಬಲ್ ಅದು. ತುದಿಯಲ್ಲಿ ಎಚ್‌ಡಿ ಆಡಿಯೊ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಎರಡು ಸಾಲು, ಹತ್ತು ಪಿನ್ನಿನ ಜಾಗ, ಅದರಲ್ಲಿ ಒಂದು ಪಿನ್ ಇರುವುದಿಲ್ಲ. ಪಕ್ಕದಲ್ಲೇ ಇರುವ ಯುಎಸ್‌ಬಿ ಪಿನ್ನುಗಳೂ ನೋಡಲು ಹಾಗೇ, ಒಂಬತ್ತೇ. ವ್ಯತ್ಯಾಸ ಇರುವುದು ಖಾಲಿ ಜಾಗದಲ್ಲಿ. ಯುಎಸ್‌ಬಿಗೆ ಮೂಲೆಯ ಪಿನ್ ಇಲ್ಲ. ಆಡಿಯೊಗೆ ಮೂಲೆಯಿಂದ ಎರಡನೆಯದು ಇಲ್ಲ. ಕೂರುತ್ತಿಲ್ಲ ಅಂತ ಒತ್ತಿ ಕೂರಿಸಲು ಹೋಗಬೇಡಿ, ಪಿನ್ ಬಾಗಿದರೆ ಕಷ್ಟ. ಪವರ್ ಕೇಬಲ್ ಪೂರ್ತಿ ತೆಗೆದ ಮೇಲೆಯೇ ಒಳಗೆ ಕೈ ಹಾಕಿ.

ಇನ್ನು ನಮ್ಮ ಮಲೆನಾಡಿನದ್ದೇ ಆದ ಒಂದು ತೊಂದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಂಥ ತೇವ. ಮಳೆಗಾಲ ಪೂರ್ತಿ ಬಳಸದೆ ಇಟ್ಟ ಕಂಪ್ಯೂಟರಿನ ಜಾಕಿನ ಒಳಗೆ ಕಿಲುಬು ಹಿಡಿಯುತ್ತದೆ. ಎಷ್ಟೋ ಜಾಕುಗಳ ಒಳಗೆ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಪಿನ್ ಒಳಗೆ ಬಂದಿದೆ ಅಂತ ಚಿಪ್ಪಿಗೆ ತಿಳಿಸುವುದು ಅದರ ಕೆಲಸ. 2004ರಲ್ಲಿ ಇಂಟೆಲ್ ತಂದ ಎಚ್‌ಡಿ ಆಡಿಯೊ ಪದ್ಧತಿ ಇದನ್ನು ನೆಚ್ಚಿಕೊಂಡಿದೆ. ಮುಂದಿನ ಜಾಕಿಗೆ ಹೆಡ್‌ಫೋನ್ ಚುಚ್ಚಿದರೆ ಹಿಂದಿನ ಸ್ಪೀಕರ್ ಸುಮ್ಮನಾಗುತ್ತದಲ್ಲ, ಅದು ಹೀಗೇ ಆಗುವುದು. ಆ ಪಟ್ಟಿ ಕಿಲುಬಿಗೆ ಅಂಟಿಕೊಂಡರೆ ಹೆಡ್‌ಫೋನ್ ತೆಗೆದ ಮೇಲೂ ಅದು ಇದೆ ಅಂತಲೇ ಕಂಪ್ಯೂಟರ್ ನಂಬಿರುತ್ತದೆ. ಸ್ಪೀಕರ್ ಮಾತಾಡುವುದಿಲ್ಲ. ಪಿನ್ನನ್ನು ಹತ್ತಿಪ್ಪತ್ತು ಸಲ ಮೆಲ್ಲಗೆ ಹಾಕಿ ತೆಗೆದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಆಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಪಿನ್ನಿಗೆ ಸ್ವಲ್ಪ ಹಚ್ಚಿ, ಅದನ್ನೇ ಮತ್ತೆ ಮಾಡಿ. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ.

ಹೋಮ್ ಥಿಯೇಟರ್ ತಂದು ಆಮೇಲೆ ಮತ್ತೆ ಎರಡು ಸ್ಪೀಕರಿಗೆ ಬಂದವರದ್ದು ಇನ್ನೊಂದು ದೂರು. ಸಿನಿಮಾದಲ್ಲಿ ಹಾಡು, ಹೊಡೆದಾಟದ ಸದ್ದು ಎಲ್ಲಾ ಕೇಳುತ್ತದೆ, ಪಾತ್ರಗಳ ಮಾತು ಮಾತ್ರ ಎಲ್ಲೋ ದೂರದಲ್ಲಿ. ಆರು ಸ್ಪೀಕರಿನ ವ್ಯವಸ್ಥೆಯಲ್ಲಿ ಮಾತು ಬರುವುದು ಮುಖ್ಯವಾಗಿ ನಡುವಿನ ಸ್ಪೀಕರಿನಿಂದ. ಸೆಟ್ಟಿಂಗ್ 5.1ರಲ್ಲೇ ಉಳಿದರೆ ಕಂಪ್ಯೂಟರ್ ಮಾತನ್ನು ಆ ನಡುವಿನ ಸ್ಪೀಕರಿಗೇ ಕಳಿಸುತ್ತಿರುತ್ತದೆ. ಅದು ಅಲ್ಲಿ ಇಲ್ಲ. ಪ್ಲೇಬ್ಯಾಕ್ ಪುಟದಲ್ಲಿ ಸ್ಪೀಕರ್ ಆರಿಸಿ, ಕಾನ್ಫಿಗರ್ ಒತ್ತಿ, ಸ್ಟೀರಿಯೋ ಮಾಡಿದರೆ ಮಾತು ವಾಪಸ್ ಬರುತ್ತದೆ.

ಡ್ರೈವರ್, ಮತ್ತೆ ಗುಂಯ್ ಅನ್ನುವ ಸದ್ದು

ಡ್ರೈವರ್ ವಿಷಯಕ್ಕೆ ನಾನು ಕೊನೆಗೆ ಬರುತ್ತೇನೆ, ಅಂಗಡಿಯಲ್ಲೂ ಕೊನೆಗೇ. ವಿಂಡೋಸಿನಲ್ಲಿ ಕಂಪ್ಯೂಟರಿನ ಎಲ್ಲಾ ಸಾಧನಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್ ತೆರೆದು ಸೌಂಡ್ ವಿಭಾಗ ನೋಡಿ. ಹೆಸರಿನ ಮೇಲೆ ಹಳದಿ ಗುರುತಿದ್ದರೆ ಡ್ರೈವರ್ ಸರಿಯಾಗಿ ಕೂತಿಲ್ಲ. ನಿನ್ನೆಯವರೆಗೆ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ಹೀಗೆ ಅನ್ನುವುದಾದರೆ ಪ್ರಾಪರ್ಟೀಸಿನಲ್ಲಿ ರೋಲ್ ಬ್ಯಾಕ್ ಡ್ರೈವರ್ ಇದೆಯಾ ನೋಡಿ. ಇಲ್ಲದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ತನ್ನದೇ ಒಂದು ಸಾದಾ ಡ್ರೈವರ್ ಹಾಕಿಕೊಳ್ಳುತ್ತದೆ. ಅದರಲ್ಲಿ ಸದ್ದು ಬಂದರೆ ಚಿಪ್ಪು ಚೆನ್ನಾಗಿದೆ ಅಂತ ಆಯಿತು. ಪೂರ್ತಿ ಸೌಲಭ್ಯ ಬೇಕಾದರೆ ನಿಮ್ಮ ಬೋರ್ಡ್ ಅಥವಾ ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದಲೇ ಡ್ರೈವರ್ ತಂದುಕೊಳ್ಳಿ. ಎಲ್ಲಾ ಡ್ರೈವರನ್ನೂ ಒಂದೇ ಸಲ ಹಾಕಿಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವು ತರುವ ಕಸವೇ ಜಾಸ್ತಿ.

ವಿಂಡೋಸ್ ಬದಲು ಉಬುಂಟು ಬಳಸುವವರು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಅನ್ನುವ ವಾಲ್ಯೂಮ್ ಪರದೆ ತೆರೆದು, ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಕಂಬದ ಕೆಳಗೆ ಎರಡು ಎಂ ಅಕ್ಷರ ಕಂಡರೆ ಅದು ಮ್ಯೂಟ್ ಆಗಿದೆ. ಎಂ ಕೀ ಒತ್ತಿದರೆ ತೆರೆಯುತ್ತದೆ.

ಹೊಸ ಆಂಪ್ಲಿಫೈಯರ್ ಸೇರಿಸಿದ ಮೇಲೆ ಸದ್ದಿನ ಹಿಂದೆ ಗುಂಯ್ ಅಂತ ಒಂದೇ ಸಮ ಬರುತ್ತಿದ್ದರೆ ಅದು ಸೆಟ್ಟಿಂಗಿನ ತಪ್ಪಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅಲೆಯುತ್ತದೆ, ಆ ಅಲೆಯೇ ಕೇಳುತ್ತಿರುವುದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ನಿಂತರೆ ಅರ್ತಿಂಗ್ ಕಡೆಯ ತೊಂದರೆ. ಕಂಪ್ಯೂಟರು, ಆಂಪ್ಲಿಫೈಯರು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದ್ದರೆ ಎರಡು ಕೊಡ ನೀರು ಹಾಕಿ. ಸದ್ದು ನಿಲ್ಲುತ್ತದೆ ಅಂತ ಪ್ಲಗ್ಗಿನ ದಪ್ಪ ಪಿನ್ ಮುರಿದು ಹಾಕುವವರನ್ನು ನೋಡಿದ್ದೇನೆ. ಖಂಡಿತ ಮಾಡಬೇಡಿ. ಆ ಪಿನ್ ಇರುವುದು ಜೀವ ಉಳಿಸಲಿಕ್ಕೆ.

ಇಷ್ಟೆಲ್ಲಾ ನೋಡಿದ ಮೇಲೂ ಡಿವೈಸ್ ಮ್ಯಾನೇಜರಿನಲ್ಲಿ ಬೋರ್ಡಿನ ಸೌಂಡ್ ಸಾಧನದ ಹೆಸರೇ ಕಾಣುತ್ತಿಲ್ಲ, ಬಯಾಸಿನಲ್ಲೂ (ವಿಂಡೋಸಿಗಿಂತ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್) ಆಡಿಯೊ ಆನ್ ಇದೆ ಅಂದರೆ ಆಗ ಚಿಪ್ಪು ಹೋಗಿರಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆ ಆದ ಮೇಲೆ ಇಂಥವು ಒಂದೆರಡು ಬರುತ್ತವೆ. ಆಗಲೂ ಬೋರ್ಡ್ ಬದಲಾಯಿಸುವ ಅಗತ್ಯ ಇಲ್ಲ. ಹೆಬ್ಬೆರಳಿನಷ್ಟು ಉದ್ದದ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಒಂದು ತುದಿ ಯುಎಸ್‌ಬಿಗೆ, ಇನ್ನೊಂದು ತುದಿಯಲ್ಲಿ ಸ್ಪೀಕರಿಗೆ, ಮೈಕಿಗೆ ಒಂದೊಂದು ತೂತು. ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಕೊಪ್ಪದ ಕಡೆಯ ಒಬ್ಬರು ಸಿಡಿಲಿಗೆ ಸದ್ದು ಕಳೆದುಕೊಂಡ ಕಂಪ್ಯೂಟರಿಗೆ ಅಂಥದ್ದೊಂದನ್ನು ಹಾಕಿಸಿಕೊಂಡು ಹೋದರು. ಚುಚ್ಚಿದ ಮೇಲೆ ಔಟ್‌ಪುಟ್ ಪಟ್ಟಿ ತೆರೆದು ಅದನ್ನು ಆರಿಸುವುದನ್ನು ಅವರ ಕೈಯಲ್ಲೇ ಮಾಡಿಸಿದೆ. ಎರಡು ಮಳೆಗಾಲ ಕಳೆಯಿತು, ಇನ್ನೂ ನಡೆಯುತ್ತಿದೆ.